ಕರಿ ಉಣ್ಣೆಯ ಗಂಟು

ಥಾರಲ್
16 ಜನವರಿ 2016

ತಮ್ಮಾ ಖೂಬರಾಮಾ,

ನಿನ್ನೆ ಸಂಕ್ರಾಂತಿಯ ಸಂಜೆ ನಾಗದೇವರನ್ನು ಸ್ವರ್ಗಕ್ಕೆ ಕಳಿಸಿಕೊಟ್ಟೆವು. ಮೂರ್ತಿಗೆ ಮಣ್ಣು ಮೆತ್ತಿ ಆಯಿತು, ಬಾಗಿಲು ಹಾಕಿ ಆಯಿತು, ಗಂಟೆಗಳ ನಾಲಿಗೆಗೆ ಬಟ್ಟೆ ಸುತ್ತಿ ಆಯಿತು. ಇನ್ನು ಮಾಘ ಕಳೆದು ದೇವರು ವಾಪಸ್ ಬರುವವರೆಗೆ ಊರಿಗೆ ಊರೇ ಮೂಗ. ಟೀವಿ ಇಲ್ಲ, ಕೊಡಲಿಯ ಏಟಿಲ್ಲ, ಯಾರೂ ಯಾರನ್ನೂ ಕೂಗಿ ಕರೆಯುವ ಹಾಗಿಲ್ಲ. ಫೋನು ಅಕ್ಕಿ ಡಬ್ಬದ ತಳ ಸೇರಿದೆ. ಅದಕ್ಕೇ ಕಾಗದ. ಕಾಗದಕ್ಕೆ ಸದ್ದಿಲ್ಲ ಎಂದು ಮೊದಲ ಸಲ ಜಪಾನಿಗೆ ಹೋದಾಗ ಹೇಳಿದವನು ನೀನೇ. ವರ್ಷಕ್ಕೊಮ್ಮೆಯಾದರೂ ನನ್ನ ಅಕ್ಷರ ನಿನ್ನ ಕಣ್ಣಿಗೆ ಬೀಳಲಿ.

ಮೇಲೆ ಮಾಹಿಲಿ ರಿಸಾರ್ಟಿನಲ್ಲಿ ಜನ ಇರುವೆಯ ಹಾಗೆ. ಅಪ್ಪ ಕುರಿ ಮೇಯಿಸಿದ ಹುಲ್ಲುಗಾವಲಿನ ಮೇಲೆ ದಿಲ್ಲಿಯವರು ಬಿದ್ದು ಎದ್ದು ಸ್ಕೀ ಕಲಿಯುತ್ತಾರೆ. ಮಾಘದಲ್ಲಿ ಸೈರನ್ ಊದಬಾರದು, ಹಾಡು ಹಾಕಬಾರದು ಎಂಬ ಷರತ್ತಿನ ಮೇಲೆ ತಾನೆ ಊರು ಆ ಜಾಗ ಬಿಟ್ಟುಕೊಟ್ಟದ್ದು? ಮ್ಯಾನೇಜರ್ ಬಾತ್ರಾ ಸಾಹೇಬ ಮೊದಮೊದಲು ಹಣೆ ಹಣೆ ಚಚ್ಚಿಕೊಂಡಿದ್ದ. ಈಗ ನೋಡು, ರಸ್ತೆಯ ತಿರುವಿನಲ್ಲಿ ದೊಡ್ಡ ಬೋರ್ಡು: ‘ಮೌನದ ಹಿಮ. ಮಾಘದಲ್ಲಿ ಮಾತ್ರ.’ ಬಾಡಿಗೆಯನ್ನೂ ಏರಿಸಿದ್ದಾನಂತೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಾವು ಬರಿ ಬಾಯಲ್ಲಿ ಹೇಳಿದೆವು. ಅವನು ನಿಜವಾಗಿ ಬಂಗಾರ ಮಾಡಿಕೊಂಡ.

ನಿನ್ನ ಮುದ್ದಿನ ತಮ್ಮ ಟೀಕಮ ಈ ವರ್ಷವೂ ಅಲ್ಲಿ ಗಸ್ತಿನ ಕೆಲಸದಲ್ಲಿದ್ದಾನೆ. ಅವನು, ಚೂನಿ, ಪ್ರೇಮು, ಗೋಕಲ, ನಾಲ್ಕು ಜನ. ಹೋದ ಮಾಘದಲ್ಲಿ ಏನಾಯಿತೆಂದು ನಿನಗೆ ಪೂರ್ತಿ ಹೇಳಿರಲಿಲ್ಲ. ಮಂಜಿನಲ್ಲಿ ದಾರಿ ತಪ್ಪಿದ ಒಬ್ಬ ಹೆಂಗಸಿಗಾಗಿ ಇವನು ನೀನು ಕಳಿಸಿದ ಕಿತ್ತಳೆ ಬಣ್ಣದ ಸೀಟಿ ಊದಿದ. ಅವಳು ಸದ್ದು ಹಿಡಿದು ಬಂದು ಅವನನ್ನು ತಬ್ಬಿ ಅತ್ತಳಂತೆ. ಊರವರು ತಬ್ಬಲಿಲ್ಲ. ದೇವರ ಆಡಳಿತ ನೋಡುವ ಕಾರದಾರ ಲುದರಚಂದ ನಮಗೆ ಒಂದು ಟಗರು ದಂಡ ಹಾಕಿ, ಇವನ ಟೋಪಿ ತೆಗೆಸಿ ಗುಡಿಯ ಮುಂದೆ ಕೂರಿಸಿದ. ಟಗರು ಹೋಗಲಿ, ಅಪ್ಪನ ಮಗ ಬರಿ ತಲೆಯಲ್ಲಿ ಕೂತದ್ದನ್ನು ನೋಡಿ ನನ್ನ ಹೊಟ್ಟೆ ಉರಿದುಹೋಯಿತು.

ಈ ಸಲ ಹಾಗಾಗಬಾರದೆಂದು ಮೊದಲೇ ಗದರಿಸಿಟ್ಟಿದ್ದೆ. ನಿನ್ನೆ ಗಂಟೆ ಕಟ್ಟಲು ನಾನು ಉಣ್ಣೆ ತೆಗೆಯುತ್ತಿದ್ದಾಗ ತಾನೇ ಬಂದು ಸೀಟಿ ಮುಂದೆ ಹಿಡಿದ.

“ದೇವರ ಗಂಟೆಗೇ ಬಾಯಿಲ್ಲ, ಇದಕ್ಯಾಕಕ್ಕ? ಇದನ್ನೂ ಕಟ್ಟಿಬಿಡು.”

“ನಿನ್ನ ಬಾಯಿ ಕಟ್ಟೋರು ಯಾರು?”

“ಅದಕ್ಕೊಂದು ಹುಡುಗಿ ನೋಡು. ನಿನ್ನಂಥೋಳು ಬೇಡ, ಕಿವೀನೂ ಹೋಗುತ್ತೆ.”

ತಲೆಗೊಂದು ಮೊಟಕಿ ಕಟ್ಟಿಕೊಟ್ಟೆ. ನಮ್ಮ ಕರಿ ಕುರಿಯ ಉಣ್ಣೆ, ಬಾಯಿಂದ ತೂತಿನವರೆಗೆ ಸುತ್ತಿ ಸುತ್ತಿ, ಎರಡು ಗಂಟು. ಇನ್ನು ಆನೆ ಊದಿದರೂ ಸದ್ದು ಬರುವುದಿಲ್ಲ. ಅದನ್ನು ಪದಕದ ಹಾಗೆ ಕೊರಳಿಗೆ ಹಾಕಿಕೊಂಡು ಲುದರಚಂದನ ಮನೆ ಮುಂದೆ ಬೇಕೆಂದೇ ಎರಡು ಸಲ ಓಡಾಡಿ ಬಂದ, ಖದೀಮ.

ವೈಶಾಖಕ್ಕೆ ಬಂದೇ ಬರಬೇಕು. ಅಕ್ರೋಟು ತುಂಬಿದ ಸಿಡ್ಡು ಕಡುಬು ಬೇಯಿಸಿ, ಬೇಡವೆನ್ನುವವರೆಗೆ ತುಪ್ಪ ಸುರಿಯುತ್ತೇನೆ. ಇಬ್ಬರಿಗೂ ಒಟ್ಟಿಗೆ ಬಡಿಸಿ ಎಷ್ಟು ವರ್ಷವಾಯಿತು.

ಅಕ್ಕ ಸೇವತಿ


ಥಾರಲ್
9 ಫೆಬ್ರವರಿ 2016

ಖೂಬಾ,

ಚೂನಿ ರಿಸಾರ್ಟಿನಿಂದ ನಿನಗೆ ಫೋನ್ ಮಾಡಿ ತಿಳಿಸಿದನಂತೆ. ಅವನು ಏನು ಹೇಳಿದನೋ ಅದೇ. ನನಗೆ ಬೇರೆ ಹೇಳುವುದೇನಿಲ್ಲ.

ಸಂಜೆ ರೋಪ್‌ವೇ ನಿಲ್ಲಿಸಿದ ಮೇಲೆ, ಇಳಿಜಾರಿನಲ್ಲಿ ಯಾರೂ ಉಳಿದಿಲ್ಲವೆಂದು ನೋಡಿಕೊಂಡು ಎಲ್ಲರ ಹಿಂದೆ ಇಳಿಯುವುದು ಆವತ್ತು ಟೀಕಮನ ಸರದಿ. ಮಂಜು ಮುಸುಕಿತ್ತು. ದೊಡ್ಡ ಕೊರಕಲಿನ ಅಂಚಿನಲ್ಲಿ ಹಿಮ ಕುಸಿದು ಒಳಗೆ ಬಿದ್ದ. ಆ ಕ್ಷಣಕ್ಕೇ ಹೋಗಿಬಿಟ್ಟಿದ್ದಾನೆ. ನೋವು ಏನೆಂದು ಅವನಿಗೆ ಗೊತ್ತಾಗಿಲ್ಲ. ಇದನ್ನು ನೀನು ನಂಬಬೇಕು. ಬೆಳಗಾಗುವಾಗ ಸಿಕ್ಕಿದ.

ಮಾಘವಲ್ಲವೇ, ಶಂಖ ಊದಲಿಲ್ಲ. ಕೊಂಬು ಕಹಳೆ ಯಾವುದೂ ಇಲ್ಲ. ಹೊತ್ತವರು ಹತ್ತಿಯ ಮೇಲೆ ಕಾಲಿಡುವ ಹಾಗೆ ನಡೆದರು. ಹೆಂಗಸರು ಬಂದು ಪಕ್ಕದಲ್ಲಿ ಕೂತು ಹೊದ್ದ ಪಟ್ಟು ಕಂಬಳಿಯ ಅಂಚನ್ನು ಬಾಯಿಗೆ ತುರುಕಿಕೊಂಡರು. ನಾನೂ ತುರುಕಿಕೊಂಡೆ. ಅಳುವುದಕ್ಕೂ ದೇವರು ಬರಲಿ ಎಂದು ಕಾಯಬೇಕು.

ಅವನ ಬಟ್ಟೆ, ಬೂಟು ಮನೆಗೆ ತಂದಿದ್ದೇವೆ. ಸ್ಕೀ ಎರಡೂ ಅಟ್ಟದಲ್ಲಿವೆ. ಸಿಕ್ಕಾಗ ಅವು ಹಿಮದಲ್ಲಿ ಒಂದಕ್ಕೊಂದು ಅಡ್ಡಡ್ಡವಾಗಿ ನಿಂತಿದ್ದವು. ಅದನ್ನು ನೋಡಿ ಚೂನಿ ಮುಖ ಮುಚ್ಚಿಕೊಂಡು ಕುಸಿದು ಕೂತ. ಅವನನ್ನು ಏಳಿಸಲು ಇಬ್ಬರು ಬೇಕಾಯಿತು.

ನೀನು ಬರಬೇಡ. ದಾರಿ ಮುಚ್ಚಿದೆ, ಅಲ್ಲಿ ನಿನ್ನ ಕೆಲಸದ ಕರಾರಿದೆ, ಬಂದರೂ ಮಾಡುವುದೇನಿಲ್ಲ. ನಿಜವಾಗಿ ಹೇಳುತ್ತೇನೆ, ಬರಬೇಡ.

ಜನವರಿಯಲ್ಲಿ ಒಂದು ಕಾಗದ ಹಾಕಿದ್ದೆ. ತಲುಪಿತೇ? ತಲುಪದಿದ್ದರೆ ಚಿಂತೆಯಿಲ್ಲ, ಬರಿ ಹರಟೆ. ಇನ್ನು ಮೇಲೆ ತಲುಪಿದರೆ ಒಡೆಯದೆ ಒಲೆಗೆ ಹಾಕು.

ಸೇವತಿ


ಹೊಕ್ಕೈಡೊ
25 ಫೆಬ್ರವರಿ 2016

ಅಕ್ಕ,

ಕಾಗದ ಬಂತು. ಜನವರಿಯದು ಬಂದಿಲ್ಲ. ಇಲ್ಲೂ ಹಿಮ ಜಾಸ್ತಿ, ಅಂಚೆ ಎಲ್ಲೋ ಸಿಕ್ಕಿಕೊಂಡಿರಬೇಕು. ಅದರ ಯೋಚನೆ ಬಿಡು.

ನಾನು ಮಕ್ಕಳಿಗೆ ಸ್ಕೀ ಪಾಠ ಹೇಳುತ್ತಿದ್ದೇನೆ. ಮೊಣಕಾಲು ಬಗ್ಗಿಸಿ, ಮುಂದೆ ನೋಡಿ, ಬಿದ್ದರೆ ಹೆದರಬೇಡಿ. ಇದನ್ನೇ ಸೇಬಿನ ಪೆಟ್ಟಿಗೆಯ ಹಲಗೆ ಕಟ್ಟಿಕೊಂಡು ನಿಂತ ಟೀಕಮನಿಗೂ ಹೇಳಿದ್ದೆ. ಆಗ ಅವನ ಮೂಗಿನಲ್ಲಿ ಸದಾ ಸಿಂಬಳ. ನಮ್ಮ ಮಾಲೀಕ ಮೊರಿತಾ ಮುದುಕರಿಗೆ ವಿಷಯ ತಿಳಿಸಿದೆ. ಅವರು ಒಂದು ಬಟ್ಟಲು ಬಿಸಿ ಅನ್ನ ತಂದು ಮುಂದಿಟ್ಟು ಹೋದರು.

ಅಕ್ಕ, ನೀನು ಸ್ಕೀ ಅಡ್ಡಡ್ಡ ನಿಂತಿದ್ದವು ಎಂದು ಬರೆದಿದ್ದೀಯ. ಅದರ ಅರ್ಥ ನಿನಗೆ ಗೊತ್ತಿಲ್ಲ, ಗೊತ್ತಿದ್ದರೆ ಬರೆಯುತ್ತಿರಲಿಲ್ಲ. ಅವು ತಾವಾಗಿ ಹಾಗೆ ನಿಲ್ಲುವುದಿಲ್ಲ. ಇಲ್ಲೊಬ್ಬ ಬಿದ್ದಿದ್ದಾನೆ, ಬನ್ನಿ ಎಂದು ನಮ್ಮ ಕಸುಬಿನವರು ಹೇಳುವ ರೀತಿ ಅದು. ನಾನೇ ಕಲಿಸಿದ್ದು. ಸತ್ತವನು ಸ್ಕೀ ನೆಡುವುದಿಲ್ಲ. ಅವನು ಬದುಕಿದ್ದ, ತುಂಬ ಹೊತ್ತು ಬದುಕಿದ್ದ. ನೋವಿಲ್ಲದೆ ಹೋದ ಎಂದು ನೀನು ಬರೆದದ್ದು ನನ್ನ ಮೇಲಿನ ಪ್ರೀತಿಗೆ. ಆ ಪ್ರೀತಿಗೆ ಕೈಮುಗಿಯುತ್ತೇನೆ, ಮಾತನ್ನು ನಂಬಲಾರೆ.

ಹಾಗಾದರೆ ಸೀಟಿ ಯಾಕೆ ಕೇಳಿಸಲಿಲ್ಲ? ಮೂರು ದಿನ ಇದನ್ನೇ ಯೋಚಿಸಿದೆ. ಅವನಿಗೆ ಕಳಿಸಿದಂಥದೇ ಒಂದು ನನ್ನ ಹತ್ತಿರ ಇದೆ. ರಾತ್ರಿ ಕಿಟಕಿಯ ಹೊರಗೆ ನೇತುಹಾಕಿ ಬೆಳಿಗ್ಗೆ ಊದಿದೆ. ಎರಡು ಸಲ ಕೂಗಿತು. ಆಮೇಲೆ ಉಗುಳು ಹೆಪ್ಪುಗಟ್ಟಿ ಒಳಗಿನ ಕಾಳು ಅಂಟಿಕೊಂಡಿತು, ಬರಿ ಉಸಿರಿನ ಸದ್ದು. ಅಷ್ಟೇ ಆಗಿರುವುದು. ಅಂಗಡಿಯಲ್ಲಿ ಪಕ್ಕದಲ್ಲೇ ಕಾಳಿಲ್ಲದ ಸೀಟಿಗಳೂ ಇದ್ದವು, ನಾನು ಬಣ್ಣ ನೋಡಿ ಇದನ್ನು ಆರಿಸಿದೆ. ತಪ್ಪು ಯಾರದಾದರೂ ಇದ್ದರೆ ಅದು ನನ್ನದು, ಬೇರೆ ಯಾರದೂ ಅಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು.

ಖೂಬರಾಮ


ಥಾರಲ್
14 ಮಾರ್ಚ್ 2016

ಖೂಬಾ,

ದೇವರು ಬಂದಾಯಿತು. ಫೋನು ಡಬ್ಬದಿಂದ ಹೊರಗೆ ಬಂದಿದೆ. ನಿನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ತೆಗೆದೆ. ನಿನ್ನ ದನಿ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ನೀನೂ ಮಾಡಿಲ್ಲ. ಹೀಗೇ ಇರಲಿ.

ದೇವರು ಬಂದ ದಿನ ಮೂರ್ತಿಯ ಮಣ್ಣು ಬಿಡಿಸಿದರು. ಮಣ್ಣಿನೊಳಗೆ ಏನು ಸಿಗುತ್ತದೋ ಅದರ ಮೇಲೆ ವರ್ಷದ ಫಲ ಅಲ್ಲವೇ, ಎಲ್ಲರೂ ಕತ್ತು ಚಾಚಿ ನಿಂತಿದ್ದರು. ಒಂದು ಎಳೆ ಉಣ್ಣೆ ಸಿಕ್ಕಿತು. ಕುರಿಗಳಿಗೆ ಒಳ್ಳೆಯ ವರ್ಷ ಎಂದು ಎಲ್ಲರಿಗೂ ಸಂತೋಷ. ಕರಿ ಉಣ್ಣೆ. ನಾನು ಕಂಬ ಹಿಡಿದುಕೊಂಡೆ.

ಗೂರನ ಮೈಮೇಲೆ ದೇವರು ಬಂತು. ಉಳಿದ ದಿನ ಆಲೂಗಡ್ಡೆ ಮಾರುವ ನಮ್ಮ ಶೇರುವೇ ಗೂರ, ಆದರೆ ಟೋಪಿ ಬಿದ್ದು ಕೂದಲು ಹರಡಿದ ಮೇಲೆ ಅವನು ಶೇರು ಅಲ್ಲ. ಎಲ್ಲರೂ ಮಳೆ ಕೇಳಿದರು, ಸೇಬಿನ ಬೆಳೆ ಕೇಳಿದರು. ನಾನು ಮುಂದೆ ಹೋದೆ. ಲುದರಚಂದ ತಡೆಯಲು ಬಂದವನು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ. ಆ ಸಂಜೆ ನಾವು ಬಾಯಿ ಬಿಟ್ಟಿದ್ದರೆ ನಿನಗೆ ಸಿಟ್ಟು ಬರುತ್ತಿತ್ತೇ, ಅದನ್ನು ಹೇಳು ಎಂದು ಕೇಳಿದೆ.

ಗೂರ ನಡುಗುವುದು ನಿಂತಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಹೇಳಿದ:

“ನಾನು ಮನೇಲಿರ್ಲಿಲ್ಲ ಮಗಳೇ. ಇಲ್ಲದೋನಿಗೆ ಏನು ಕೇಳಿಸುತ್ತೆ?”

ಅಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಜನ ಇವತ್ತಿಗೂ ಅದರ ಅರ್ಥ ಹೇಳಿಕೊಳ್ಳುತ್ತಿದ್ದಾರೆ, ಒಬ್ಬೊಬ್ಬರದು ಒಂದೊಂದು. ನನಗೆ ಅಲ್ಲೇ ಅರ್ಥವಾಯಿತು. ಗಂಟೆಯ ಬಟ್ಟೆ ಬಿಚ್ಚಿ ಮೊದಲ ಸಲ ಬಾರಿಸಿದಾಗ ನಾನು ಗುಡಿಯ ಮೆಟ್ಟಿಲ ಮೇಲೆ ಕೂತು ಬಾಯಿ ಬಿಟ್ಟು ಅತ್ತೆ. ಮಾಘದ ಅಳು ಎಲ್ಲ ಆವತ್ತೇ ಬಂತು. ಗಂಟೆಯ ಸದ್ದಿನಲ್ಲಿ ಅದೂ ಯಾರಿಗೂ ಕೇಳಿಸಲಿಲ್ಲ.

ಸೀಟಿ ನನ್ನ ಹತ್ತಿರವೇ ಇದೆ, ಅಮ್ಮನ ಪೆಟ್ಟಿಗೆಯಲ್ಲಿ. ನೀನು ಹೇಳಿದ ಹಾಗೆ ಹೆಪ್ಪುಗಟ್ಟಿತ್ತೋ ಏನೋ. ಇರಬಹುದು. ಆದರೆ ಅದಕ್ಕಾಗಿ ನಿನ್ನನ್ನು ನೀನು ಬೈದುಕೊಳ್ಳಬೇಡ. ತಂದುಕೊಟ್ಟದ್ದು ತಪ್ಪಾಗುತ್ತದೆಯೇ?

ಸೇವತಿ


ಹೊಕ್ಕೈಡೊ
2 ಮೇ 2016

ಅಕ್ಕ,

ಹೆಪ್ಪುಗಟ್ಟಿತ್ತೋ ಏನೋ ಎಂದು ನೀನೂ ಬರೆದೆ. ಸರಿ.

ಪಾಠ ಹೇಳುವುದು ಬಿಟ್ಟಿದ್ದೇನೆ. ಒಂದು ಮಗು ಬಿದ್ದು ಕರೆಯಿತು, ನನಗೆ ಕಾಲು ಏಳಲಿಲ್ಲ, ನಿಂತಲ್ಲೇ ನಿಂತುಬಿಟ್ಟೆ. ಬೇರೆಯವರು ಓಡಿ ಎತ್ತಿಕೊಂಡರು. ಮಾರನೆಯ ದಿನ ನಾನೇ ಮೊರಿತಾ ಅವರಿಗೆ ಹೇಳಿದೆ. ಬೈಯಲಿಲ್ಲ. ಹಿಮ ಕರಗಿದ ಮೇಲೆ ಇಲ್ಲಿ ಇಳಿಜಾರಿನ ತುಂಬ ಲಿಲ್ಲಿ ಹೂ ಬೆಳೆಸಿ ಜನರನ್ನು ಕರೆಯುತ್ತಾರೆ. ಚಳಿಗಾಲದಲ್ಲಿ ಜಾರಿದ ಜಾಗದಲ್ಲೇ ಬೇಸಿಗೆಯಲ್ಲಿ ಛತ್ರಿ ಹಿಡಿದು ನಡೆಯುತ್ತಾರೆ. ನಾನು ಗಡ್ಡೆ ನೆಡುತ್ತಿದ್ದೇನೆ. ಗಡ್ಡೆಗೆ ನನ್ನ ಹತ್ತಿರ ಕೇಳುವುದೇನೂ ಇಲ್ಲ.

ಈ ವರ್ಷ ಊರಿಗೆ ಬರುವುದಿಲ್ಲ. ಬರಬೇಡ ಎಂದು ನೀನೇ ಬರೆದಿದ್ದೀಯ. ಅದರಲ್ಲಿ ತಪ್ಪೇನೂ ಇಲ್ಲ. ಅವನಿಗೆ ಆ ಕೆಲಸ ಕಲಿಸಿದವನ ಮುಖ ಯಾಕೆ ನೋಡಬೇಕು?

ಖೂಬರಾಮ


ಥಾರಲ್
19 ಜೂನ್ 2016

ಖೂಬಾ,

ಬರಬೇಡ ಎಂದದ್ದನ್ನು ನೀನು ಹಾಗೆ ತಿಳಿದುಕೊಂಡೆಯಾ? ನಿನ್ನ ಮುಖ ನೋಡಬಾರದೆಂದಲ್ಲ, ನನ್ನ ಮುಖ ನಿನಗೆ ತೋರಿಸಲಾರದೆ ಬರೆದೆ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ನಾಲ್ಕು ತಿಂಗಳಾಯಿತು. ನೀನು ಅಲ್ಲಿ ಕಾಲು ಏಳದೆ ನಿಂತಿರುವಾಗ ನಾನು ಇಲ್ಲಿ ‘ಇರಬಹುದು’ ಎಂದು ಬರೆದು ಕೂತೆ. ಇನ್ನು ಆಗುವುದಿಲ್ಲ.

ಸೀಟಿ ಹೆಪ್ಪುಗಟ್ಟಿರಲಿಲ್ಲ. ಅದನ್ನು ಅವನು ಊದಲೇ ಇಲ್ಲ. ಸಂಕ್ರಾಂತಿಯ ದಿನ ನಾನು ಅದರ ಬಾಯಿಗೆ ಕರಿ ಉಣ್ಣೆ ಸುತ್ತಿ ಗಂಟು ಹಾಕಿದ್ದೆ. ಗುಡಿಯ ಗಂಟೆಗೆ ಕಟ್ಟುವ ಹಾಗೆ. ಹೋದ ವರ್ಷದ ದಂಡ, ಬರಿ ತಲೆ, ಅದೆಲ್ಲ ಮತ್ತೆ ಬೇಡ ಎಂದು. ಜನವರಿಯ ಕಾಗದದಲ್ಲಿ ಇದನ್ನೇ ನಗುನಗುತ್ತಾ ಬರೆದಿದ್ದೆ. ಅದು ನಿನಗೆ ತಲುಪಲಿಲ್ಲವೆಂದು ತಿಳಿದಾಗ ದೇವರು ನನ್ನನ್ನು ಉಳಿಸಿದ ಎಂದುಕೊಂಡೆ, ಅಂಥವಳು ನಾನು.

ಬೆಳಗಿನಲ್ಲಿ ಸಿಕ್ಕಾಗ ಅವನು ಕೊರಕಲಿನೊಳಗೆ ದೇವದಾರುವಿಗೆ ಬೆನ್ನು ಕೊಟ್ಟು ಕೂತಿದ್ದ. ತೊಡೆ ಮುರಿದಿತ್ತು. ಕೈಯಲ್ಲಿನ ವೈರ್‌ಲೆಸ್ ಬೀಳುವಾಗ ಒಡೆದಿತ್ತು. ಸೀಟಿ ಕೊರಳಲ್ಲೇ ಇತ್ತು. ನಾನು ಮೊದಲು ನೋಡಿದ್ದು ಅದನ್ನು. ಗಂಟು ನಾನು ಹಾಕಿದ್ದು ಹಾಕಿದ ಹಾಗೇ ಇತ್ತು ಖೂಬಾ. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಬಿಚ್ಚಲು ಪ್ರಯತ್ನವನ್ನೇ ಮಾಡಿಲ್ಲ. ಅವನ ಎರಡು ಕೈಯೂ ಚೆನ್ನಾಗಿದ್ದವು.

ಇನ್ನೂ ಇದೆ. ಹುಡುಕಲು ನಾನೂ ಹೋಗಿದ್ದೆ. ಚೂನಿ, ಪ್ರೇಮು, ಗೋಕಲ, ಲುದರಚಂದ, ಊರಿನ ಗಂಡಸರು. ಬಾತ್ರಾ ಸಾಹೇಬ ಸೈರನ್ನಿನ ಮೇಲೆ ಕೈಯಿಟ್ಟುಕೊಂಡು ಊರವರ ಮುಖ ನೋಡಿದ. ಊರವರು ನೆಲ ನೋಡಿದರು. ಮಂಜಿನಲ್ಲಿ ನಮ್ಮ ಕೈ ನಮಗೆ ಕಾಣುತ್ತಿರಲಿಲ್ಲ. ಕೋಲು ಚುಚ್ಚುತ್ತ, ಒಬ್ಬರೂ ಅವನ ಹೆಸರು ಕರೆಯದೆ ಹುಡುಕಿದೆವು. ಕೊರಕಲಿನ ಮೇಲೆ ಚಪ್ಪಟೆ ಬಂಡೆ ಇದೆಯಲ್ಲ, ಅಪ್ಪ ಕುರಿ ಎಣಿಸುತ್ತಿದ್ದದ್ದು, ಅದರ ಮೇಲೆ ಕೂತು ನಾನು ಬೂಟಿನೊಳಗಿನ ಹಿಮ ಕೊಡವಿದೆ. ಅವನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಲುದರಚಂದ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ. ಅವನು ತೋರಿಸದಿದ್ದರೂ ನಾನು ಕರೆಯುತ್ತಿರಲಿಲ್ಲ. ಅದೇ ನಿಜ. ನನ್ನನ್ನು ಯಾರೂ ತಡೆದಿರಲಿಲ್ಲ.

ಹಿಮ ಕರಗಿದ ಮೇಲೆ ಚೂನಿಯನ್ನು ಕರೆದುಕೊಂಡು ಹೋದೆ. ಅವನನ್ನು ಆ ದೇವದಾರುವಿನ ಕೆಳಗೆ ಕೂರಿಸಿ ನಾನು ಬಂಡೆಯ ಮೇಲೆ ಕೂತೆ. ಮನೆಯಲ್ಲಿ ಮಾತಾಡುವ ದನಿಯಲ್ಲಿ ‘ಟೀಕಮಾ, ಏಳು, ಊಟಕ್ಕೆ ಹೊತ್ತಾಯಿತು’ ಎಂದೆ. ಚೂನಿ ಮೇಲೆ ಬಂದು, “ಎಲ್ಲಾ ಕೇಳಿಸ್ತು ಅಕ್ಕ, ಇನ್ನು ಹೇಳಬೇಡ” ಎಂದ. ಕೂಗುವುದೂ ಬೇಕಿರಲಿಲ್ಲ.

ಅವನಿಗೆ ನಮ್ಮ ಕೋಲಿನ ಸದ್ದು ಕೇಳಿಸಿರಬೇಕು. ಅಕ್ಕ ಮಾತಾಡುತ್ತಿಲ್ಲ, ಮಾತಾಡಬಾರದು ಎಂದುಕೊಂಡಿರಬೇಕು. ಸ್ಕೀ ನೆಟ್ಟಿದ್ದೇನೆ, ನೋಡುತ್ತಾರೆ ಎಂದು ಕಾದಿರಬೇಕು. ತಂಟೆಕೋರ ಎಂದು ಊರೆಲ್ಲ ಬೈದ ಹುಡುಗ ನನ್ನ ಒಂದು ಮಾತು ಕೇಳಿದ.

ಈಗ ಇಲ್ಲಿ ಬೇಸಿಗೆಯ ಜನ. ಕೊರಕಲಿನ ಮೇಲೆ ಈ ಕಡೆಯಿಂದ ಆ ಕಡೆಗೆ ಕಂಬಿ ಎಳೆದಿದ್ದಾರೆ. ಅದಕ್ಕೆ ಜೋತುಬಿದ್ದು ಜಾರುವವರು ಸರಿಯಾಗಿ ಆ ಮರದ ಮೇಲೆ ಬಂದಾಗ ಬಾಯಿ ತುಂಬ ಕಿರುಚುತ್ತಾರೆ, ಖುಷಿಗೆ. ನಾನು ರೋಪ್‌ವೇ ಹತ್ತಿರ ಚಹಾ ಅಂಗಡಿ ಇಟ್ಟಿದ್ದೇನೆ. ಇಡೀ ದಿನ ಆ ಕಿರುಚಾಟ ಕೇಳುತ್ತೇನೆ.

ಸೀಟಿ ಕಳಿಸಿದ್ದು ತಪ್ಪಲ್ಲ. ಕೆಲಸ ಕಲಿಸಿದ್ದು ತಪ್ಪಲ್ಲ. ಹೊಟ್ಟೆಗೆ ಹಾಕಿಕೋ ಎಂದು ಕೇಳುವ ಮುಖ ನನಗಿಲ್ಲ. ನೀನು ಮಾತ್ರ ಮಕ್ಕಳ ಹತ್ತಿರ ವಾಪಸ್ ಹೋಗು.

ಸೇವತಿ


ಹೊಕ್ಕೈಡೊ
5 ನವೆಂಬರ್ 2016

ಅಕ್ಕ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಲಿಲ್ಲಿ ಅರಳಿ, ಬಾಡಿ, ಮತ್ತೆ ಹಿಮ ಬಿದ್ದಿದೆ. ಸಿಟ್ಟು ಮಾಡಿಕೊಂಡು ಸುಮ್ಮನಿದ್ದಾನೆ ಎಂದು ನೀನು ತಿಳಿದಿರಬೇಕು. ಕೆಲವು ದಿನ ನಿನ್ನ ಮೇಲೆ ಸಿಟ್ಟು ಬರುತ್ತದೆ, ಹೌದು. ಬರುವುದಿಲ್ಲ ಎಂದು ಬರೆಯಲಾರೆ, ಇಬ್ಬರೂ ಹೇಳಿದ ಸುಳ್ಳು ಸಾಕು. ಆದರೆ ಸುಮ್ಮನಿದ್ದದ್ದು ಅದಕ್ಕಲ್ಲ.

ನಿನ್ನ ಜನವರಿಯ ಕಾಗದ ನನಗೆ ಬಂದಿತ್ತು.

ಚೂನಿಯ ಫೋನು ಬರುವ ಹಿಂದಿನ ದಿನ ಬಂತು. ಓದಿ ಜೋರಾಗಿ ನಕ್ಕೆ. ಉಣ್ಣೆ ಸುತ್ತಿದ್ದು, ಎರಡು ಗಂಟು, ಆನೆ ಊದಿದರೂ ಸದ್ದಿಲ್ಲ, ಎಲ್ಲವೂ ನನಗೆ ಮೊದಲಿನಿಂದ ಗೊತ್ತಿತ್ತು. ಒಲೆಗೆ ಹಾಕು ಎಂದು ನೀನು ಬರೆದಾಗ, ಇವಳು ಇದನ್ನು ಹೊತ್ತು ಬದುಕಲಾರಳು ಅನ್ನಿಸಿತು. ಅದಕ್ಕೆ ಕಾಗದ ಬಂದಿಲ್ಲ ಎಂದೆ. ಅದಕ್ಕೆ ಕಿಟಕಿಯ ಹೊರಗೆ ಸೀಟಿ ನೇತುಹಾಕಿದೆ. ಕಾಳು ಅಂಟಿಕೊಂಡದ್ದು ನಿಜ, ಅದು ಅಂಟಿಕೊಂಡಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ ಹೇಳಲು ನಾಚಿಕೆ. ಅಕ್ಕನಿಗೆ ಒಂದು ದಾರಿ ಸಿಕ್ಕಿತು ಎಂದುಕೊಂಡೆ. ಆಮೇಲೆ ನೋಡಿದರೆ ಆ ದಾರಿ ನನಗೇ ಬೇಕಾಗಿತ್ತು.

ಯಾಕೆಂದು ಇದರ ಜೊತೆಗಿರುವುದನ್ನು ಓದಿದರೆ ತಿಳಿಯುತ್ತದೆ. ನಿನ್ನ ಕಾಗದಕ್ಕೆ ಮರುದಿನವೇ ಬರೆದ ಉತ್ತರ. ಅಂಟು ಹಚ್ಚಿ ಮುಚ್ಚಿ, ಅಂಚೆಗೆ ಹಾಕಲು ಬೂಟು ಹಾಕಿಕೊಳ್ಳುತ್ತಿದ್ದಾಗ ಚೂನಿಯ ಫೋನು ಬಂತು. ಅಂದಿನಿಂದ ಇದನ್ನು ಹರಿಯಲೂ ಇಲ್ಲ, ಕಳಿಸಲೂ ಇಲ್ಲ. ಈಗ ಕಳಿಸುತ್ತಿದ್ದೇನೆ.

ಹುಲ್ಲಿನ ಕಂತೆ ಕಟ್ಟುವಾಗ ನೀನು ನನಗೆ ಹೇಳುತ್ತಿದ್ದೆ, ಗಂಟಿನ ಮೇಲೆ ಬೆರಳಿಡು, ಇಲ್ಲದಿದ್ದರೆ ಬಿಗಿ ನಿಲ್ಲುವುದಿಲ್ಲ ಎಂದು. ನೀನು ಕಟ್ಟಿದೆ, ಬೆರಳಿಟ್ಟವನು ನಾನು.

ಈಗ ಅದನ್ನು ಬಿಚ್ಚು. ಕತ್ತರಿಸಬೇಡ, ಬಿಚ್ಚು.

ಖೂಬಾ


(ಇದರ ಜೊತೆಗಿದ್ದ ಕಾಗದ)

ಹೊಕ್ಕೈಡೊ
4 ಫೆಬ್ರವರಿ 2016

ಅಕ್ಕಾ,

ಭೇಷ್! ಊರಿನ ಲುದರಚಂದನಿಗೂ ಆಗದ ಕೆಲಸ ನೀನು ಮಾಡಿದೆ. ಗಂಟು ಬಿಗಿಯಾಗಿದೆ ತಾನೆ? ಆ ಕಳ್ಳನ ಬೆರಳು ಚುರುಕು, ಹುಷಾರು. ಬಿಚ್ಚಿಕೊಡು ಎಂದು ಕಾಲು ಹಿಡಿದರೂ ಬಿಚ್ಚಬೇಡ. ದೇವರು ಬರಲಿ, ಆಮೇಲೆ ನೋಡೋಣ. ಅದು ಮಕ್ಕಳು ಜಾರುವ ಗುಡ್ಡ, ಅಲ್ಲಿ ಯಾರು ಸಾಯುತ್ತಾರೆ ಎಂದು ಸೀಟಿ ಬೇಕು? ನಾನು ಕಳಿಸಿದ್ದೇ ಅವನ ಶೋಕಿಗೆ.

ವೈಶಾಖಕ್ಕೆ ಬರುತ್ತೇನೆ. ಮೂರೂ ಜನ ಒಟ್ಟಿಗೆ ಕೂತು ಸಿಡ್ಡು ತಿನ್ನೋಣ. ಅವನಿಗೆ ಒಂದು ಕಡಿಮೆ ಬಡಿಸು.

ಖೂಬಾ


ಥಾರಲ್
24 ಜನವರಿ 2017

ಖೂಬಾ,

ನಿನ್ನ ಎರಡೂ ಕಾಗದ ಓದಿದೆ. ಹಳೆಯದನ್ನು ಹೆಚ್ಚು ಸಲ ಓದಿದೆ. ಅದರಲ್ಲಿ ಅವನು ಇನ್ನೂ ಇದ್ದಾನಲ್ಲ.

ಗಂಟು ಬಿಚ್ಚಿದೆ. ಉಣ್ಣೆ ನೆನೆದು ಒಣಗಿ ಕಂಬಳಿಯ ಹಾಗೆ ಹೆಣೆದುಕೊಂಡಿತ್ತು. ಬಿಸಿಲಿಗೆ ಕೂತು ಕಂಬಳಿ ಹೊಲಿಯುವ ಸೂಜಿಯಲ್ಲಿ ಎಳೆ ಎಳೆಯಾಗಿ ಬಿಡಿಸಿದೆ. ಕತ್ತರಿ ಮುಟ್ಟಲಿಲ್ಲ. ಮಧ್ಯಾಹ್ನ ಪೂರ್ತಿ ಹಿಡಿಯಿತು. ಸಂಕ್ರಾಂತಿಯ ದಿನ ಎಲ್ಲರ ಜೊತೆ ಗುಡಿಗೆ ಹೋದೆ, ಗಂಟೆಗೆ ಬಟ್ಟೆ ಕಟ್ಟಲು ನಾನೂ ಕೈಕೊಟ್ಟೆ. ದೇವರ ಮೇಲೆ ನನಗೆ ಸಿಟ್ಟಿಲ್ಲ, ಅವನು ಮನೆಯಲ್ಲಿರಲಿಲ್ಲ. ಆದರೆ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಹೋಗಿದ್ದೆ. ಎಲ್ಲರೂ ನೋಡಿದರು.

ನಿನ್ನೆ ಮಂಜು ಬಂತು, ಆವತ್ತಿನ ಹಾಗೇ. ಚಹಾ ಅಂಗಡಿ ಮುಚ್ಚುವ ಹೊತ್ತು. ಗಸ್ತಿನ ಹುಡುಗರು ಇನ್ನೂ ಮೇಲಿದ್ದರು. ನಾನು ತಡಕುತ್ತ ತಡಕುತ್ತ ಅಪ್ಪನ ಬಂಡೆಯವರೆಗೆ ನಡೆದೆ. ನಿಂತು ಊದಿದೆ. ಮೊದಲ ಸಲ ಉಸಿರೇ ಸಾಲಲಿಲ್ಲ. ಎರಡನೆಯ ಸಲ ಗುಡ್ಡಕ್ಕೆ ಗುಡ್ಡವೇ ಎದ್ದು ಕೂತಿತು.

ಕತ್ತಲಾಗುವ ಮೊದಲು ಲುದರಚಂದ ಮನೆಗೆ ಬಂದ. ದಂಡಕ್ಕೆ ಯಾವ ಟಗರು ಕೊಡಲಿ ಎಂದು ನಾನೇ ಕೇಳಿದೆ. ಅವನು ಒಲೆಯ ಹತ್ತಿರ ಕೂತು, ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ನನ್ನ ಮನೆಯಲ್ಲಿ ಬರಿ ತಲೆಯಲ್ಲಿ ಕೂತ. ಚಹಾ ಮುಗಿಸಿ ಲೋಟ ಕೆಳಗಿಟ್ಟ.

“ಅದು ಎಷ್ಟು ದೂರ ಕೇಳಿಸುತ್ತೆ, ಸೇವತಿ?”

“ರೋಪ್‌ವೇಯ ಮೇಲಿನ ಕಂಬದವರೆಗೂ.”

“ನನ್ನ ಮನೇವರೆಗೂ ಬಂತು” ಎಂದು ಹೇಳಿ ಎದ್ದುಹೋದ. ಟಗರಿನ ಮಾತೆತ್ತಲಿಲ್ಲ.

ಫೋನನ್ನು ಡಬ್ಬದಿಂದ ತೆಗೆದಿದ್ದೇನೆ. ಮಾಘ ಮುಗಿಯಲಿ ಎಂದು ಕಾಯಬೇಡ. ಈ ಕಾಗದ ಸಿಕ್ಕಿದ ದಿನವೇ ಮಾಡು, ಮೆಲ್ಲಗೆ ಮಾತಾಡಬೇಡ, ಬಾಯಿ ಬಿಟ್ಟು ಮಾತಾಡು. ವೈಶಾಖಕ್ಕೆ ಬಾ. ಬರಬೇಡ ಎಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಲುದರಚಂದನಿಗೆ ಹೇಳದ ಒಂದು ಮಾತಿದೆ, ನಿನಗೆ ಹೇಳುತ್ತೇನೆ. ನಾನು ಊದಿದ ಮೇಲೆ ಮಂಜಿನೊಳಗಿಂದ ಹುಡುಗರು ಉತ್ತರ ಕೊಟ್ಟರು. ಬಲಗಡೆಯಿಂದ ಚೂನಿಯ ಸೀಟಿ. ಆಮೇಲೆ ಮೇಲಿನಿಂದ ಪ್ರೇಮು. ಆಮೇಲೆ ದೂರದಲ್ಲಿ ಗೋಕಲ. ಮೂವರೂ ಕ್ಷೇಮ, ದಾರಿ ಸಿಕ್ಕಿದೆ ಎಂದು ಗೊತ್ತಾಯಿತು, ನಾನು ಇಳಿದು ಬರಬಹುದಿತ್ತು. ಬರಲಿಲ್ಲ. ಇನ್ನೊಂದಕ್ಕೆ ಕಾದೆ. ಬೆರಳು ಮರಗಟ್ಟುವವರೆಗೆ ಅಲ್ಲೇ ನಿಂತು ಕಾದೆ. ಆಮೇಲೆ ಇನ್ನೊಮ್ಮೆ ಊದಿ ಮನೆಗೆ ಬಂದೆ.

ಅಕ್ಕ